ಹೂವಿನಂಗಡಿಯ ಲಿಲಿ



ಅಮೆರಿಕದ ಕೊಲೀನ್ ಹೂವರ್ ಬರೆದ ‘ಇಟ್ ಎಂಡ್ಸ್ ವಿತ್ ಅಸ್’ ಕಾದಂಬರಿ ಬಂದದ್ದು 2016ರಲ್ಲಿ. ಲಿಲಿ ಬಾಸ್ಟನ್ನಿನಲ್ಲಿ ಹೂವಿನಂಗಡಿ ಇಟ್ಟವಳು, ಅವಳು ಮುಂದೆ ಮದುವೆಯಾಗುವ ರೈಲ್ ಮಿದುಳಿನ ಶಸ್ತ್ರವೈದ್ಯ. ರೂಪವಂತ, ಮಾತುಗಾರ. ಒಂದು ದಿನ ಓವನ್ನಿನಿಂದ ಪಾತ್ರೆ ತೆಗೆಯುವಾಗ ಅವನ ಕೈ ಸುಟ್ಟಿತು. ಲಿಲಿಗೆ ನಗು ತಡೆಯಲಾಗಲಿಲ್ಲ. ಮರುಕ್ಷಣ ಅವಳು ನೆಲಕ್ಕೆ ಬಿದ್ದಿದ್ದಳು. ಆಮೇಲೆ ಅವನದು ಕ್ಷಮೆ, ಗೋಗರೆತ.

ಓದುಗರು ಜಗಳಕ್ಕೆ ನಿಲ್ಲುವುದು ಇಲ್ಲೇ. ರೈಲ್‌ನನ್ನು ಮೊದಲು ನಾವೂ ಮೆಚ್ಚಿದ್ದರಿಂದಲೇ ಲಿಲಿ ಏಕೆ ಬಿಟ್ಟುಹೋಗಲಿಲ್ಲ ಎಂಬುದು ಅರ್ಥವಾಯಿತು ಎನ್ನುತ್ತಾರೆ ಕೆಲವರು. ಹೂವರ್ ತಮ್ಮ ತಾಯಿಯ ಬದುಕನ್ನೇ ನೆನೆದು ಬರೆದದ್ದು, ಅದಕ್ಕೇ ಈ ಬಿಸಿ. ಇನ್ನು ಕೆಲವರದು ನೇರ ಆಕ್ಷೇಪ: ಹೊಡೆಯುವವನಿಗೆ ಇಷ್ಟೊಂದು ಚೆಲುವು ಏಕೆ? ಇದನ್ನು ಪ್ರೇಮಕಥೆ ಎಂದು ಮಾರುವುದು ಸರಿಯೇ?

ನನಗನ್ನಿಸುವುದು, ಪುಸ್ತಕದ ಬಗ್ಗೆ ಮೊದಲಿನವರ ಮಾತು ಸರಿ. ಮಾರಾಟದ ಬಗ್ಗೆ ಎರಡನೆಯವರದು. ಹೆಣ್ಣುಮಗು ಹುಟ್ಟಿದಾಗ, ನಾಳೆ ಇವಳ ಮೇಲೆ ಯಾರಾದರೂ ಕೈಮಾಡಿದರೆ ಏನು ಹೇಳುತ್ತೀಯ ಎಂದು ಲಿಲಿ ಗಂಡನನ್ನೇ ಕೇಳುತ್ತಾಳೆ. ‘ಹೊಂದಿಕೊಂಡು ಹೋಗಮ್ಮ’ ಎನ್ನುವ ನಮ್ಮ ಹಿರಿಯರನ್ನೂ ತಡವರಿಸುವಂತೆ ಮಾಡಬಲ್ಲ ಪ್ರಶ್ನೆ ಅದು.

ಮಾರಾಟದ ವಿಷಯಕ್ಕೆ ಬಂದರೆ, 2023ರ ಜನವರಿಯಲ್ಲಿ ಈ ಕಾದಂಬರಿಯನ್ನು ಆಧರಿಸಿ ಬಣ್ಣ ತುಂಬುವ ಪುಸ್ತಕವೊಂದು ಬರುತ್ತದೆ ಎಂಬ ಪ್ರಕಟಣೆ ಹೊರಟಿತು. ಏಟು ತಿಂದವಳ ಕಥೆಗೆ ಬಣ್ಣದ ಪೆನ್ಸಿಲ್ಲೇ! ಓದುಗರೇ ರೇಗಿದರು. ಓದುಗರ ಮಾತು ಒಪ್ಪಿ ಹೂವರ್ ಆ ಯೋಜನೆಯನ್ನು ಕೂಡಲೇ ಕೈಬಿಟ್ಟರು. ಅಭಿಮಾನಿಗಳು ಕುರುಡರು ಎನ್ನುವ ವಿಮರ್ಶಕರು ಈ ಸಂಗತಿಯನ್ನು ಮಾತ್ರ ಯಾಕೋ ಹೇಳುವುದೇ ಇಲ್ಲ.