ಪದವಿಯ ಋಣ, ಸನ್ಮಾನದ ತೂಕ



ವಿಶ್ವವಿದ್ಯಾನಿಲಯಗಳು ಪದವಿ ಪ್ರದಾನ ಮಾಡುವ ಸಮಾರಂಭಕ್ಕೆ ಕನ್ನಡದಲ್ಲಿ ‘ಘಟಿಕೋತ್ಸವ’ ಎಂಬ ಹೆಸರಿದೆ. ಅಲ್ಲಿ ತೊಡುವ ನಿಲುವಂಗಿ ಪಶ್ಚಿಮದಿಂದ ಬಂದದ್ದು. ಹೆಸರು ಮಾತ್ರ ಈ ನೆಲದ ಹಳೆಯ ನೆನಪೊಂದನ್ನು ಹೊತ್ತುಕೊಂಡಿದೆ. ಘಟಿಕೆ ಅಥವಾ ಘಟಿಕಾಸ್ಥಾನವೆಂದರೆ ಪ್ರಾಚೀನ ಕಾಲದ ಉನ್ನತ ವಿದ್ಯಾಕೇಂದ್ರ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೆಯ ಶತಮಾನದ ಶಾಸನ, ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯಾಭ್ಯಾಸಕ್ಕಾಗಿ ಕಂಚಿಯ ಘಟಿಕೆಗೆ ಹೋದುದನ್ನು ಹೇಳುತ್ತದೆ. ಕದಂಬ ರಾಜ್ಯದ ಸ್ಥಾಪಕನ ಕಥೆ ಶುರುವಾಗುವುದೇ ವಿದ್ಯಾರ್ಥಿಯಾಗಿ ಎಂಬುದು ಕನ್ನಡ ನಾಡಿನ ಚರಿತ್ರೆಯ ಸ್ವಾರಸ್ಯಗಳಲ್ಲೊಂದು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲೂ 11ನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿನ ಶಾಸನ ಗ್ರಂಥಪಾಲಕರನ್ನು ‘ಸರಸ್ವತೀ ಭಂಡಾರಿಗರು’ ಎಂದು ಕರೆದಿದೆ. ಓದುವವರಿಗೂ ಓದಿಸುವವರಿಗೂ ಅನ್ನ ಬಟ್ಟೆಗೆ ದತ್ತಿ ಬಿಟ್ಟಿದ್ದ ಜಮೀನೇ ಆಧಾರ. ಎಂದರೆ, ಹೊಲದಲ್ಲಿ ದುಡಿದ ರೈತನ ಬೆವರು ಘಟಿಕೆಯ ವಿದ್ಯಾರ್ಥಿಯ ತಟ್ಟೆಯಲ್ಲಿ ಅನ್ನವಾಗುತ್ತಿತ್ತು. ವಿದ್ಯೆ ಪಡೆದವನು ಸಮಾಜಕ್ಕೆ ಋಣಿ ಎಂಬ ಮಾತಿನ ಲೆಕ್ಕ ಇಷ್ಟು ಸರಳವಾದದ್ದು.

ಆಧುನಿಕ ಕಾಲದಲ್ಲೂ ಈ ಲೆಕ್ಕ ಬದಲಾಗಲಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿಗಳಾದರು. 1918ರಲ್ಲಿ ಮೊದಲ ಘಟಿಕೋತ್ಸವ ನಡೆಯಿತು. ಹಣ ಬಂದದ್ದು ಸಂಸ್ಥಾನದ ಬೊಕ್ಕಸದಿಂದ, ಬೊಕ್ಕಸಕ್ಕೆ ಬಂದದ್ದು ಪ್ರಜೆಗಳ ಕಂದಾಯದಿಂದ. ವಿಶ್ವವಿದ್ಯಾನಿಲಯವೂ ಇದನ್ನು ಮರೆಯಲಿಲ್ಲ. 1930ರ ದಶಕದಲ್ಲಿ ಅದರ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡಿದರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಚ್ಚಾದವು. ಕಾಲೇಜಿನ ಮೆಟ್ಟಿಲು ಹತ್ತಲಾಗದವನಿಗೂ ವಿಶ್ವವಿದ್ಯಾನಿಲಯದಲ್ಲಿ ಪಾಲುಂಟು ಎಂಬುದೇ ಇದರ ತಾತ್ಪರ್ಯ.

ಭಾರತದ ಸಂವಿಧಾನವೂ ಪದವೀಧರನಿಗೆ ಒಂದು ವಿಶೇಷ ಹೊಣೆ ಹೊರಿಸಿದೆ. ವಿಧಾನ ಪರಿಷತ್ತು ಇರುವ ರಾಜ್ಯಗಳಲ್ಲಿ ಪದವೀಧರರಿಗೆಂದೇ ಪ್ರತ್ಯೇಕ ಕ್ಷೇತ್ರಗಳಿವೆ. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ 7 ಮಂದಿ ಪದವೀಧರರ ಮತದಿಂದ ಬರುತ್ತಾರೆ. ಪದವಿ ಪಡೆದು ಮೂರು ವರ್ಷ ಕಳೆದವರಿಗೆ ಈ ಹಕ್ಕು. ಇದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಓದಿದವನಿಂದ ಸಾರ್ವಜನಿಕ ಜೀವನ ಏನನ್ನೋ ನಿರೀಕ್ಷಿಸುತ್ತದೆ ಎಂಬುದಂತೂ ಇದರಿಂದ ಸ್ಪಷ್ಟ.

ಹಾಗಾದರೆ ಆ ನಿರೀಕ್ಷೆಯನ್ನು ಈಡೇರಿಸಿದವರನ್ನು ಗುರುತಿಸುವ ಬಗೆ ಹೇಗೆ? ವಿಶ್ವವಿದ್ಯಾನಿಲಯಗಳಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದು ಗೌರವ ಡಾಕ್ಟರೇಟ್. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಣಿಸಿಕೊಂಡ ಈ ಪದ್ಧತಿ ಕ್ರಮೇಣ ಜಗತ್ತಿಗೆಲ್ಲ ಹಬ್ಬಿತು. ಇದನ್ನು ಪಡೆಯಲು ಆ ವಿಶ್ವವಿದ್ಯಾನಿಲಯದಲ್ಲಿ ಓದಿರಬೇಕೆಂಬ ನಿಯಮವಿಲ್ಲ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಸಿಂಡಿಕೇಟ್ ಹೆಸರನ್ನು ಸೂಚಿಸಬೇಕು, ಕುಲಾಧಿಪತಿಗಳು ಒಪ್ಪಬೇಕು. ಎರಡನೆಯದು ತನ್ನದೇ ಹಳೆಯ ವಿದ್ಯಾರ್ಥಿಗಳಿಗೆ ಸಲ್ಲುವ ಗೌರವ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಇದು ರೂಢಿಯ ಸಂಗತಿ. ಭಾರತದ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡ ‘ವಿಶಿಷ್ಟ ಹಳೆಯ ವಿದ್ಯಾರ್ಥಿ’ ಪ್ರಶಸ್ತಿ ನೀಡುತ್ತವೆ. ಗೌರವ ಡಾಕ್ಟರೇಟ್ ಅತಿಥಿಗೆ ಹಾಕಿದ ಹಾರವಾದರೆ, ಇದು ಮನೆಯ ಮಗಳೋ ಮಗನೋ ಊರಿಗೆ ಬಂದಾಗ ತಾಯಿ ಎತ್ತುವ ಆರತಿ.

ಈ ಆರತಿಗೆ ಯಾರು ಅರ್ಹರು ಎಂಬಲ್ಲೇ ತೊಡಕು. ವೃತ್ತಿಯ ಯಶಸ್ಸು ಕಣ್ಣಿಗೆ ಕಾಣುತ್ತದೆ. ಹುದ್ದೆ, ಸಂಬಳ, ಸಂಶೋಧನೆ, ಕಟ್ಟಿದ ಕಂಪೆನಿ ಎಲ್ಲಕ್ಕೂ ಅಳತೆಯುಂಟು. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ. ಪಡೆದ ಸಿ.ಎನ್.ಆರ್. ರಾವ್ ಅವರಿಗೆ 2014ರಲ್ಲಿ ಭಾರತ ರತ್ನ ಪ್ರದಾನವಾಯಿತು. 1967ರಲ್ಲಿ ಅದೇ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪದವೀಧರರಾದ ಎನ್.ಆರ್. ನಾರಾಯಣ ಮೂರ್ತಿ 1981ರಲ್ಲಿ ಜತೆಗಾರರೊಡನೆ ಇನ್ಫೋಸಿಸ್ ಕಟ್ಟಿದರು. ಇಂಥ ಹೆಸರುಗಳನ್ನು ಯಾರೂ ಹುಡುಕಬೇಕಾಗಿಲ್ಲ. ಸಮಾಜ ಸೇವೆಯಾದರೋ ಸದ್ದಿಲ್ಲದ್ದು. ಅದನ್ನು ಹುಡುಕಿಕೊಂಡೇ ಹೋಗಬೇಕು.

ಎರಡನ್ನೂ ಒಂದೇ ಬಾಳಿನಲ್ಲಿ ಹೊಂದಿಸಿಕೊಂಡವರ ಉದಾಹರಣೆಗಳು ನಾಡಿನಲ್ಲೇ ಇವೆ. ರಾಜೇಶ್ವರಿ ಚಟರ್ಜಿ (1922–2010) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿ ಪಡೆದರು. 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟರೇಟ್ ಗಳಿಸಿದರು. ಅಲ್ಲೇ ನೆಲೆಸಲು ಅಡ್ಡಿಯೇನೂ ಇರಲಿಲ್ಲ. ಆದರೂ ಮರಳಿ ಬಂದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕಿಯಾದರು, ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಹೊಸ ಪೀಳಿಗೆಯನ್ನು ಬೆಳೆಸಿದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳೆಯರಿಗಾಗಿ ದುಡಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯ, ಓದಬೇಕೆಂಬ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿತು, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ ವಾಸ ಮಾತ್ರ ಕಾಲೇಜಿನ ಹಾಸ್ಟೆಲಿನ ಕೊಠಡಿಯಲ್ಲಿ, ಉಡುಗೆ ಖಾದಿ. 1984ರಲ್ಲಿ ಪದ್ಮಭೂಷಣ ಬಂದಾಗಲೂ ಅವರ ಬದುಕಿನ ರೀತಿ ಬದಲಾಗಲಿಲ್ಲ.

ಅವರು ಕುಲಪತಿಗಳಾಗಿದ್ದ ಅವಧಿಯಲ್ಲೇ, 1973ರಲ್ಲಿ, ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಎಚ್. ಸುದರ್ಶನ್ ಎಂಬ ತರುಣ ವೈದ್ಯ ಹೊರಬಂದರು. ನಗರದಲ್ಲಿ ಕ್ಲಿನಿಕ್ ತೆರೆಯುವ ಬದಲು ಅವರು ಬಿಳಿಗಿರಿರಂಗನ ಬೆಟ್ಟದ ಹಾದಿ ಹಿಡಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಸೋಲಿಗರಿಗೆ ಚಿಕಿತ್ಸೆಯೊಡನೆ ಶಾಲೆ ಬಂತು, ಕಸುಬಿನ ತರಬೇತಿ ಬಂತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರನ್ನು ಅರಸಿಕೊಂಡು ಬಂದವು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಗುಂಪೊಂದು ಇನ್ನೂ ಓದುತ್ತಿರುವಾಗಲೇ, 1984ರಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ಕೆಲಸ ಆರಂಭಿಸಿತು. ಇವರಿಗೆಲ್ಲ ವೃತ್ತಿಯೇ ಸೇವೆಯಾಯಿತು. ಸಂಪಾದಿಸಿ ಆದ ಮೇಲೆ ಉಳಿದದ್ದನ್ನು ಹಂಚುವ ದಾನಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು.

ಹಾಗೆಂದು ದಾನ ಹಗುರವಾದದ್ದೇನಲ್ಲ. ಹಳೆಯ ವಿದ್ಯಾರ್ಥಿ ಕೊಟ್ಟ ದತ್ತಿಯಿಂದ ಬಡ ಹುಡುಗಿಯೊಬ್ಬಳ ಹಾಸ್ಟೆಲ್ ಶುಲ್ಕ ಸಂದರೆ, ನಾಗಾವಿಯ ಶಾಸನ ಹೇಳುವ ಪುಣ್ಯಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ದೇಣಿಗೆಯ ಮೊತ್ತವನ್ನು ನೋಡಿ ಸನ್ಮಾನಿತರ ಪಟ್ಟಿ ತಯಾರಾಗತೊಡಗಿದರೆ ಸನ್ಮಾನ ರಸೀದಿಯಾಗುತ್ತದೆ. ಅಧಿಕಾರದಲ್ಲಿರುವವರನ್ನು ಓಲೈಸಲು ಶಾಲು ಹೊದೆಸಿದರೆ ಅದು ಅರ್ಜಿಯಾಗುತ್ತದೆ. ಶಾಲು, ಪೇಟ, ಫಲತಾಂಬೂಲ ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತವೆ. ಅವಕ್ಕೆ ಬೆಲೆ ಬರುವುದು ಆಯ್ಕೆ ಮಾಡಿದವರ ನಿಷ್ಪಕ್ಷಪಾತದಿಂದ.

ಆದ್ದರಿಂದ ಆಯ್ಕೆ ಸಮಿತಿಗಳು ಕೆಲವು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಪದವೀಧರರ ಕೆಲಸದಿಂದ ಯಾರ ಬದುಕು ಹಸನಾಯಿತು? ಅವರು ಹೋದ ಮೇಲೂ ಆ ಕೆಲಸ ನಿಲ್ಲುವಂಥದ್ದೇ? ಅವರು ಸೇವೆ ಸಲ್ಲಿಸಿದ ಊರಿನವರನ್ನು ಯಾರಾದರೂ ವಿಚಾರಿಸಿದರೇ? ನಲವತ್ತು ವರ್ಷ ಹಳ್ಳಿಯಲ್ಲಿ ಗಣಿತ ಕಲಿಸಿದ ಶಿಕ್ಷಕಿ, ತಾಲ್ಲೂಕು ಆಸ್ಪತ್ರೆ ಬಿಟ್ಟು ಕದಲದ ವೈದ್ಯ, ಬಡವರ ಮೊಕದ್ದಮೆಗಳನ್ನು ಶುಲ್ಕವಿಲ್ಲದೆ ನಡೆಸಿದ ವಕೀಲ ತಾವಾಗಿಯೇ ಅರ್ಜಿ ಹಾಕುವವರಲ್ಲ. ಅವರ ಹೆಸರು ಪಟ್ಟಿಗೆ ಬರಬೇಕಾದರೆ ವಿಶ್ವವಿದ್ಯಾನಿಲಯವೇ ಅವರಿರುವಲ್ಲಿಗೆ ಹೋಗಬೇಕು.

ಕಡೆಯದಾಗಿ ಒಂದು ಮಾತು. ಸನ್ಮಾನ ಸ್ವೀಕರಿಸುವ ಹಿರಿಯರಿಗೆ ಅದರಿಂದ ಹೊಸದಾಗಿ ಕಲಿಯುವುದೇನೂ ಉಳಿದಿರುವುದಿಲ್ಲ. ಅವರ ದಾರಿ ಎಂದೋ ಸವೆದಿದೆ. ಆದರೆ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಪದವಿ ಪ್ರಮಾಣಪತ್ರ ಹಿಡಿದ ಇಪ್ಪತ್ತೊಂದರ ಹುಡುಗನೋ ಹುಡುಗಿಯೋ ಕುಳಿತಿರುತ್ತಾರೆ. ವೇದಿಕೆಗೆ ಯಾರನ್ನು ಕರೆಯುತ್ತಾರೆ, ಏನು ಹೇಳಿ ಹೊಗಳುತ್ತಾರೆ ಎಂಬುದನ್ನು ಅವರು ಗಮನಿಸುತ್ತಿರುತ್ತಾರೆ. ಈ ನಾಡು ಯಾವ ಬಗೆಯ ಬಾಳನ್ನು ಮೆಚ್ಚುತ್ತದೆ ಎಂಬುದನ್ನು ಅವರು ತಿಳಿಯುವುದು ಆ ಒಂದು ಗಳಿಗೆಯಲ್ಲಿ. ಅವರ ಮುಂದೆ ಸರಿಯಾದ ಹೆಸರನ್ನೇ ಕೂಗಿ ಕರೆಯುವುದು ವಿಶ್ವವಿದ್ಯಾನಿಲಯ ಅವರಿಗೆ ಕಲಿಸುವ ಕೊನೆಯ ಪಾಠ.