ಶರೀಫ ಸಾಹೇಬರ ಹಾಡುಗಳೂ ನಮ್ಮ ಹೊಣೆಯೂ
(ಹಾವೇರಿಯಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶಿಶುನಾಳದ ಶರೀಫ ಸಾಹೇಬರನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಹಾವೇರಿಯಲ್ಲಿ ನಿಂತು ಶರೀಫರ ಪರಿಚಯ ಹೇಳಹೊರಡುವದೆಂದರೆ ವರದಾ ನದಿಗೆ ನೀರು ಹೊತ್ತಂತೆ. ಕನಕದಾಸರ ಬಾಡ, ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ, ಶರೀಫರ ಶಿಶುವಿನಹಾಳ ಈ ಮೂರೂ ಒಂದೇ ಜಿಲ್ಲೆಯ ಊರುಗಳು. ಅವರ ಒಂದಾದರೂ ಹಾಡನ್ನು ಕೇಳದ ಮನುಷ್ಯನು ಈ ಸಭೆಯಲ್ಲಿ ಇರಲಾರನು. ಆದರೆ ಬಂಧುಗಳೇ, 'ನಮಗೆ ಗೊತ್ತಿದೆ' ಎಂಬ ಭಾವನೆಯೇ ಅವರ ಹಾಡುಗಳಿಗೆ ಇಂದು ಒದಗಿರುವ ದೊಡ್ಡ ಅಪಾಯವೆಂದು ನಾನು ಭಾವಿಸಿರುವೆನು. ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುವೆನು. ಪೇಶವೆಯರ ಆಳಿಕೆ ಮುಗಿದು ಈ ಸೀಮೆಯು ಕಂಪನಿ ಸರಕಾರದ ಕೈಸೇರಿದ ಮರುವರುಷ, ಅಂದರೆ ೧೮೧೯ರ ಜುಲೈ ೩ರಂದು ಅವರ ಜನನವಾಯಿತು. ೧೮೮೯ರಲ್ಲಿ ಅದೇ ತಾರೀಖಿನಂದೇ ಅವರು ದೇಹವನ್ನಿಟ್ಟರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಶಾವಲಿಯ ಹರಕೆಯಿಂದ ಹುಟ್ಟಿದ ಮಗನೆಂದು ಜನರು ಹೇಳುವರು. ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಕೆಲಕಾಲ ಶಾಲೆಯ ಮಾಸ್ತರಿಕೆಯನ್ನೂ ಮಾಡಿದರೆಂದು ಚರಿತ್ರಕಾರರು ಬರೆದಿದ್ದಾರೆ. ಅಂದಮೇಲೆ ಅವರು ನಿಮ್ಮ ವೃತ್ತಿಬಾಂಧವರೇ ಸರಿ. ಬಯಲಾಟದ ಗೀಳು, ಪುರಾಣಗಳ ಓದು, ಚಾಮರಸನ ಪ್ರಭುಲಿಂಗಲೀಲೆಯ ಅಭ್ಯಾಸ, ಇವೆಲ್ಲವೂ ಅವರಲ್ಲಿ ಕೂಡಿದ್ದವು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರು ಅವರ ಗುರುಗಳು. ಗುರುವು ಕುಲವನ್ನು ಕೇಳಲಿಲ್ಲ, ಶಿಷ್ಯನು ಲೋಕದ ನಿಂದೆಗೆ ಅಂಜಲಿಲ್ಲ. ನವಲಗುಂದದ ನಾಗಲಿಂಗಸ್ವಾಮಿಗಳೂ ಹುಬ್ಬಳ್ಳಿಯ ಸಿದ್ಧಾರೂಢರೂ ಅವರ ಸಮಕಾಲೀನರು. ಶಿಶುನಾಳದ ಗದ್ದುಗೆಗೆ ಇಂದಿಗೂ ಹಿಂದೂ ಮುಸಲ್ಮಾನರೆನ್ನದೆ ಜನರು ನಡೆದುಕೊಳ್ಳುತ್ತಾರೆ.

ಪುಣ್ಯತಿಥಿಯ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುವವು. 'ಶರೀಫರು ಭಾವೈಕ್ಯದ ಹರಿಕಾರರು' ಎಂದು ಹೇಳಿ, ಹಾರ ಹಾಕಿ, ಚಹ ಕುಡಿದು ಏಳುವೆವು. ಮಾತು ಸುಳ್ಳಲ್ಲ. ಆದರೆ ಭಾವೈಕ್ಯವೆಂಬದು ಅವರ ಹಾಡುಗಳು ಹುಟ್ಟಿದ ನೆಲವು. ಆ ನೆಲದಲ್ಲಿ ಬೆಳೆದ ಬೆಳೆಯು ಬೇರೆಯೇ ಇದೆ. ನೆಲವನ್ನು ಹೊಗಳಿ ಬೆಳೆಯನ್ನು ಮರೆತರೆ ಉಂಡಂತಾಯಿತೇ?

ಹಾಗಾದರೆ ಆ ಬೆಳೆ ಯಾವುದು? ಹಳ್ಳಿಯ ಒಕ್ಕಲಿಗನು ದಿನವೂ ಕಣ್ಣಿನಿಂದ ಕಾಣುವ, ಕೈಯಿಂದ ಮುಟ್ಟುವ ವಸ್ತುವನ್ನು ಹಿಡಿದು, ಅವನ ಮನೆಮಾತಿನಲ್ಲಿಯೇ, ಅವನನ್ನು ಪರಮಾರ್ಥದ ಬಾಗಿಲಿಗೆ ಒಯ್ದು ನಿಲ್ಲಿಸುವದು. ಸೇದುವ ಗುಡಗುಡಿ, ನುಡಿಸುವ ತಂಬೂರಿ, ಜಾತ್ರೆಯ ತೇರು, ಗಂಡನ ಮನೆಗೆ ಹೊರಟು ಅಳುವ ಹೆಣ್ಣುಮಗಳು, ಇವರೆಲ್ಲ ಅವರಿಗೆ ಶಾಸ್ತ್ರದ ಪುಟಗಳೇ ಆದರು. ನಮ್ಮ ಈ ಹತ್ತಿಯ ಸೀಮೆಗೆ ಉಗಿಯ ಯಂತ್ರವು ಬಂದು ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ತಿರುಗಹತ್ತಿದಾಗ, ಅದನ್ನು ನೋಡಿಯೂ ಅವರು ಹಾಡು ಕಟ್ಟಿದರು. ಹೊಸದನ್ನು ಕಂಡು ಅವರು ಬೈಯಲಿಲ್ಲ, ಬೆರಗಾಗಿ ಸುಮ್ಮನಾಗಲೂ ಇಲ್ಲ. ಅದಕ್ಕೂ ತತ್ವದ ಅರ್ಥವನ್ನು ಹಚ್ಚಿದರು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಮಾಳಿಗೆಯು ಸೋರುತ್ತಿರುವದೆಂಬ ಹಾಡನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿ ಮಾಳಿಗೆಯೆಂದರೆ ಏನು? ಇಂದು ಹಾವೇರಿಯ ಹುಡುಗನು ಮಾಳಿಗೆಯೆಂದರೆ ಸಿಮೆಂಟಿನ ಮಹಡಿಯೆಂದು ತಿಳಿಯುವನು. ಶರೀಫರ ಮಾಳಿಗೆಯು ಮಣ್ಣಿನದು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಸೊಪ್ಪುಗಳ ಹಾಸು, ಅದರ ಮೇಲೆ ಗಟ್ಟಿಯಾಗಿ ಬಡಿದ ಮಣ್ಣು. ಈ ಮಾಳಿಗೆಗೆ ವರುಷವರುಷವೂ ಆರೈಕೆ ಬೇಕು. ಮುಂಗಾರಿಗೆ ಮೊದಲು ಮೇಲೇರಿ, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರುಷ ಆಲಸ್ಯ ಮಾಡಿದರೆ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಮೂಲೆಮೂಲೆಗೆ ಗಡಿಗೆಗಳನ್ನಿಟ್ಟು ರಾತ್ರಿಯನ್ನು ಕಳೆಯಬೇಕಾಗುವದು.

ಇದನ್ನು ತಿಳಿದು ಆ ಹಾಡನ್ನು ಕೇಳಿರಿ. ಹಾಡುವವನು ಮಳೆಯನ್ನು ದೂರುವದಿಲ್ಲ. ಮನೆಯು ಸೋರುವದು ಒಡೆಯನ ಅಜ್ಞಾನದಿಂದ. ಕಟ್ಟಿಗೆ ಹಳತಾಗಿ ಹುಳು ಹಿಡಿದಿದೆ, ಮೇಲೇರಿ ಸರಿಪಡಿಸುವ ಕಸುವು ಅವನಲ್ಲಿ ಉಳಿದಿಲ್ಲ, ಗಟ್ಟಿಮಾಡಿಕೊಡುವವರೂ ಕಾಣರು. ಮನೆಯೆಂದರೆ ದೇಹವೆಂದು ನಾವು ಬೇಗನೆ ಅರ್ಥ ಹೇಳಿಬಿಡುವೆವು. ಆದರೆ ಕಾಲವಿದ್ದಾಗ ಮಾಡಬೇಕಾದುದನ್ನು ಮಾಡದೆ, ಮೋಡ ಕವಿದ ಮೇಲೆ ಏಣಿಯನ್ನು ಹುಡುಕುವವನ ಸಂಕಟವು, ಮಣ್ಣಿನ ಮಾಳಿಗೆಯನ್ನು ಅರಿಯದವನ ಎದೆಗೆ ಹೇಗೆ ತಟ್ಟೀತು? ವಸ್ತುವು ಕಣ್ಮರೆಯಾದಂತೆ ಹಾಡಿನ ಅರ್ಥವೂ ಸೋರಿಹೋಗುತ್ತಿದೆ. ರಾಗವೊಂದೇ ಉಳಿಯುತ್ತಿದೆ.

ಕೋಳಿಯು ಕೋಡಗವನ್ನು ನುಂಗಿದ ಹಾಡಿನ ಗತಿಯೂ ಇದೇ. ಅದನ್ನು ಮಕ್ಕಳು ನಗುತ್ತ ಹಾಡುವರು. ನಗಲಿ, ಶರೀಫರೂ ನಗಿಸಬೇಕೆಂದೇ ಹಾಗೆ ಕಟ್ಟಿರಬೇಕು. ಸಣ್ಣದು ದೊಡ್ಡದನ್ನು ನುಂಗುವ ಈ ವಿಪರೀತಗಳ ಸಾಲಿನ ಕೊನೆಯಲ್ಲಿ ಗುರುವಿನ ಪಾದವು ಹಾಡುವವನನ್ನೇ ನುಂಗಿಬಿಡುವದು. ಚಂಚಲವಾದ ಮನಸ್ಸು ಅಡಗಿ, ನಾನೆಂಬದು ಅಳಿದುಹೋಗುವ ಆ ಕೊನೆಯ ನುಡಿಗಾಗಿಯೇ ಮೇಲಿನ ಕೌತುಕವೆಲ್ಲ ಇದೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳ ಹಾದಿಯಿದು. ಕೊನೆಯ ನುಡಿಯನ್ನು ಬಿಟ್ಟು ಹಾಡಿದರೆ ಹಣ್ಣನ್ನು ಎಸೆದು ಸಿಪ್ಪೆಯನ್ನು ತಿಂದಂತಾಗುವದು.

ಈ ಹಾಡುಗಳನ್ನು ನಾಡಿನ ಪಟ್ಟಣಗಳಿಗೆ ಮುಟ್ಟಿಸಿದ ಸಿ. ಅಶ್ವತ್ಥರ ಉಪಕಾರವನ್ನು ನಾನು ಮರೆಯಲಾರೆ. ೨೦೦೯ರಲ್ಲಿ ತೀರಿಕೊಂಡ ಆ ಗಾಯಕರು ಕ್ಯಾಸೆಟ್ಟುಗಳಿಂದಲೂ, ೧೯೯೦ರಲ್ಲಿ ಬಂದ ನಾಗಾಭರಣರ ಚಲಚ್ಚಿತ್ರದಿಂದಲೂ ಶರೀಫರನ್ನು ಬೆಂಗಳೂರು ಮೈಸೂರುಗಳ ಮನೆಮಾತಾಗಿಸಿದರು. ರಘು ದೀಕ್ಷಿತರು ಪಾಶ್ಚಾತ್ಯ ವಾದ್ಯಗಳೊಡನೆ ಅವರ ಹಾಡುಗಳನ್ನು ಹೊರನಾಡುಗಳಲ್ಲಿಯೂ ಕೇಳಿಸಿದರು. ೧೯೫೬ರಲ್ಲಿ ಕನ್ನಡ ಸೀಮೆಗಳು ಒಂದು ರಾಜ್ಯವಾದವು. ಧಾರವಾಡದ ಕಡೆಯ ಹಳ್ಳಿಯ ನುಡಿಯನ್ನು ದಕ್ಷಿಣದ ಕನ್ನಡಿಗನು ತನ್ನದೆಂದು ಬಾಯಿತುಂಬ ಹಾಡುವಂತಾದುದು ಆ ಏಕೀಕರಣದ ನಿಜವಾದ ಫಲವಲ್ಲವೆ?

ಆದರೆ ಒಂದು ದೋಷವೂ ಜೊತೆಗೇ ಬಂದಿತು. ಧ್ವನಿಮುದ್ರಿಕೆಗೆ ಏರಿದ ಕೆಲವು ಹಾಡುಗಳೇ ಶರೀಫರ ಸರ್ವಸ್ವವೆಂದು ನಾವು ತಿಳಿಯಹತ್ತಿದೆವು. ಭಜನಾ ಮೇಳಗಳಲ್ಲಿ ಏಕತಾರಿ ದಮ್ಮಡಿಗಳೊಡನೆ ರಾತ್ರಿಯೆಲ್ಲ ನಡೆಯುವ ತತ್ವಪದಗಳು, ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ಹಾಡುವ ಪದಗಳು ಹಳಬರ ಬಾಯಲ್ಲಿ ಉಳಿದಿವೆ. ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಊರೂರಿಗೆ ಬೇರೆ ಪಾಠವಿರುವದು. ಒಬ್ಬ ಮುದುಕನೊಡನೆ ಒಂದು ಪಾಠವೇ ಮಣ್ಣಾಗುವದು.

ಆದಕಾರಣ ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ರಾಣೆಬೆನ್ನೂರಿನಲ್ಲಿರಲಿ, ಬ್ಯಾಡಗಿಯಲ್ಲಿರಲಿ, ಶಿಗ್ಗಾವಿಯಲ್ಲಿರಲಿ, ತಾವು ಕಲಿಸುವ ಊರಿನ ಒಬ್ಬ ಹಿರಿಯ ಹಾಡುಗಾರನ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಅವನು ಹಾಡಿದುದನ್ನು ಹಾಡಿದಂತೆಯೇ ಬರೆಯಿಸಿರಿ. 'ಮಾಳಿಗಿ' ಎಂದುದನ್ನು 'ಮಾಳಿಗೆ' ಎಂದು ತಿದ್ದಬೇಡಿರಿ. ನಿಮಗೆ ತಪ್ಪೆಂದು ತೋರುವ ಶಬ್ದದಲ್ಲಿಯೇ ಆ ಊರಿನ ನುಡಿ ಇರುವದು. ತಿಳಿಯದ ವಸ್ತುವಿನ ಹೆಸರು ಬಂದರೆ ಅದೇನೆಂದು ಅವನನ್ನೇ ಕೇಳಿಸಿರಿ. ಇದಕ್ಕೆ ಸರಕಾರದ ಹಣವೂ ಬೇಡ, ಸಮಿತಿಯೂ ಬೇಡ. ಒಂದು ವಹಿ, ಒಂದು ಸಂಜೆ ಸಾಕು. ಇಂದು ಹುಡುಗರ ಕಿಸೆಯಲ್ಲಿರುವ ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಬಹುದು. ಅನಂತರ ಹಾಡನ್ನು ಮೊದಲಿನಿಂದ 'ಶಿಶುನಾಳಧೀಶ'ನ ಅಂಕಿತದವರೆಗೆ ಪೂರ್ತಿಯಾಗಿ ಹಾಡಿಸಿರಿ.

ಮಾಳಿಗೆ ಸೋರುತ್ತಿದೆ, ಬಂಧುಗಳೇ. ಈ ಸಲ ಅದು ನಮ್ಮದು. ಮೇಲೇರುವ ಕಸುವು ನಮ್ಮಲ್ಲಿ ಇನ್ನೂ ಇದೆ. ಮಳೆಗೆ ಮೊದಲೇ ಏಣಿಯನ್ನು ಹಾಕೋಣ.