ಕ್ರಮ ತಪ್ಪಿದ ಪರ್ವಗಳು

ನಮ್ಮ ತಾಯಿಯವರಿಗೆ ಈಗ ದೃಷ್ಟಿ ಮಂದ. ಓದಲಾಗದ ಅವರಿಗೆ ಸಂಜೆಯ ಹೊತ್ತು ಗಮಕ ಕೇಳುವುದೇ ಒಂದು ಆಸರೆ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳಿಂದ ಆಯ್ದ ಭಾಗಗಳ ವಾಚನವನ್ನು, ಪರ್ವಕ್ಕೊಂದು ಕಡತದಂತೆ, ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಹಾಡಿಸುವುದು ಕಂಪ್ಯೂಟರು, ದೂರದಿಂದ ಅದನ್ನು ನಡೆಸುವುದು ನನ್ನ ಮೊಬೈಲಿನ ರಿಮೋಟ್ ಆ್ಯಪ್. ಒಂದು ಸಂಜೆ ಆದಿಪರ್ವ ಮುಗಿಯಿತು. ಮರುಕ್ಷಣವೇ ಗದಾಪರ್ವ ಶುರುವಾಯಿತು. ತಾಯಿ ಕೇಳಿದರು: "ಇನ್ನೂ ಪಗಡೆಯಾಟವೇ ಆಗಿಲ್ಲ, ಭೀಮ ಆಗಲೇ ತೊಡೆ ಮುರಿಯಲು ಹೊರಟನೇನಪ್ಪಾ?"

ಈ ಅವಾಂತರಕ್ಕೆ ಕಾರಣವೇನು? ನಾವು ಹತ್ತನ್ನು ಸಂಖ್ಯೆಯಾಗಿ ಓದುತ್ತೇವೆ. ಕೆಲವು ಆ್ಯಪ್‌ಗಳು ಅದನ್ನು ಬರಿಯ ಅಕ್ಷರಗಳಾಗಿ ಓದುತ್ತವೆ. ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಮೊದಲ ಚಿಹ್ನೆಯನ್ನೇ ಮೊದಲು ಹೋಲಿಸುತ್ತವೆ. 10ರ ಮೊದಲ ಚಿಹ್ನೆ 1. ಅದು 2ಕ್ಕಿಂತ ಮುಂಚಿನದು. ಹೀಗಾಗಿ ಸರತಿ 1, 10, 2, 3 ಎಂದಾಗುತ್ತದೆ. ವಿಂಡೋಸ್ ಮಾತ್ರ 2001ರ ಎಕ್ಸ್‌ಪಿ ಆವೃತ್ತಿಯಿಂದ ಕಡತಗಳ ಹೆಸರಿನ ಅಂಕಿಗಳನ್ನು ಸಂಖ್ಯೆಯಾಗಿಯೇ ಎಣಿಸಿ ತೋರಿಸುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಎಲ್ಲ ಸರಿಯಿದ್ದು ಮೊಬೈಲಿನಲ್ಲಿ ತಪ್ಪಾಗುವುದು ಇದರಿಂದಲೇ.

ಪರಿಹಾರ ಸುಲಭ. ಹೆಸರಿನ ಆರಂಭದಲ್ಲಿಯೇ 01, 02, 03 ಎಂದು ಸೊನ್ನೆ ಸೇರಿಸಿ ಬರೆಯಿರಿ. ಕಡತಗಳು ನೂರು ಅಥವಾ ಹೆಚ್ಚಿದ್ದರೆ 001 ಎಂದು ಆರಂಭಿಸಿ.

ಎರಡನೆಯ ತೊಡಕು ಬೇರೆ ಬಗೆಯದು. ಪಟ್ಟಿ ಇರುವುದು ಕಂಪ್ಯೂಟರಿನಲ್ಲಿ. ಮೊಬೈಲಿನಲ್ಲಿ ಕಾಣುವುದು ಅದರ ನಕಲು. ಈ ನಡುವೆ ಕಂಪ್ಯೂಟರಿನ ಪಟ್ಟಿಗೆ ಯಾರಾದರೂ ಒಂದು ಹಾಡು ಸೇರಿಸಿದರೆ ನಕಲು ಹಳತಾಗುತ್ತದೆ. ಆಗ "ಮೂರನೆಯದನ್ನು ಹಾಡಿಸು" ಎಂದು ಒತ್ತಿದರೆ ಬೇರೊಂದೇ ಹಾಡು ಬರಬಹುದು. ಬ್ಯಾಂಕಿನಲ್ಲಿ ಸಾಲಿನ ಮೂರನೆಯವರನ್ನು ಕರೆಯುವುದಕ್ಕೂ ಟೋಕನ್ ಸಂಖ್ಯೆ ಕೂಗುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಮ್ಯೂಸಿಕ್ ಪ್ಲೇಯರ್ ಡೀಮನ್ ಎಂಬ ತಂತ್ರಾಂಶ ಪ್ರತಿ ಹಾಡಿಗೂ ಸರತಿಯ ಸ್ಥಾನವಲ್ಲದೆ ಒಂದು ಗುರುತುಸಂಖ್ಯೆಯನ್ನೂ ಕೊಡುತ್ತದೆ. ಸ್ಥಾನ ಬದಲಾದರೂ ಗುರುತು ಬದಲಾಗುವುದಿಲ್ಲ. ಗುರುತನ್ನು ಬಳಸದೆ ಸ್ಥಾನವನ್ನೇ ನಂಬುವ ಆ್ಯಪ್ ಎಡವುತ್ತದೆ. ನಾವು ಮಾಡಬೇಕಾದದ್ದಿಷ್ಟು: ಒತ್ತುವ ಮೊದಲು ಮೊಬೈಲಿನ ಪಟ್ಟಿಯನ್ನು ಹೊಸದಾಗಿ ತರಿಸಿಕೊಳ್ಳುವುದು, ಹಾಡುಗಳನ್ನು ಹಿಂದುಮುಂದು ಮಾಡುವ ಕೆಲಸವನ್ನು ಕಂಪ್ಯೂಟರಿನಲ್ಲಿಯೇ ಮುಗಿಸುವುದು, ಷಫಲ್ ಆಯ್ಕೆ ಆಫ್ ಆಗಿದೆಯೇ ಎಂದು ನೋಡುವುದು.

ಇನ್ನೂ ಭದ್ರವಾದ ದಾರಿಯೆಂದರೆ ಎಂ3ಯು ಪಟ್ಟಿ. ಇದು ಸರಳ ಪಠ್ಯಕಡತ. ಸಾಲಿಗೊಂದು ಹಾಡಿನ ವಿಳಾಸ, ಮೇಲಿನಿಂದ ಕೆಳಕ್ಕೆ. ವಿಎಲ್‌ಸಿಯಂಥ ತಂತ್ರಾಂಶದಲ್ಲಿ ಸರಿಯಾದ ಕ್ರಮದಲ್ಲಿ ಜೋಡಿಸಿ ಉಳಿಸಿಟ್ಟು, ಮೊಬೈಲಿನಿಂದ ಆ ಒಂದು ಕಡತವನ್ನು ಮಾತ್ರ ತೆರೆಯಿರಿ. ಕಡತಗಳ ಹೆಸರು ಕನ್ನಡದಲ್ಲಿದ್ದರೆ ಎಂ3ಯು8 ಎಂಬ ರೂಪ ಲೇಸು. ಒಂದು ಎಚ್ಚರಿಕೆ: ಪಟ್ಟಿ ಮಾಡಿದ ಮೇಲೆ ಕಡತದ ಹೆಸರು ಬದಲಿಸಿದರೆ ಪಟ್ಟಿಗೆ ಅದು ಸಿಗುವುದಿಲ್ಲ. ಆದ್ದರಿಂದ ಮೊದಲು ಹೆಸರು, ಆಮೇಲೆ ಪಟ್ಟಿ.

ಪರದೆ ಕಾಣುವವರಿಗೆ ಇದು ಸಣ್ಣ ಕಿರಿಕಿರಿ; ಇನ್ನೊಮ್ಮೆ ಒತ್ತಿ ಸರಿಪಡಿಸಿಕೊಳ್ಳುತ್ತಾರೆ. ಕಿವಿಯೊಂದನ್ನೇ ನಂಬಿದವರಿಗೆ ಕ್ರಮ ತಪ್ಪಿದರೆ ಕಥೆಯೇ ಕೈತಪ್ಪುತ್ತದೆ. ಯಂತ್ರಕ್ಕೆ ಕಥೆ ಗೊತ್ತಿಲ್ಲ. ಕ್ರಮವನ್ನು ನಾವೇ ಕಟ್ಟಿಕೊಡಬೇಕು. ಮರುದಿನ ಸಂಜೆ ಆದಿಪರ್ವದ ಹಿಂದೆ ಸಭಾಪರ್ವವೇ ಬಂತು. ತಾಯಿ ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಾ ಕುಳಿತರು.